ಪುಟ್ಟಿಗೆ, ಅವಳ ಗೊಂಬೆ ಸಿನಿಮಾದ ಬಗ್ಗೆ

ಪುಟ್ಟಿ,

ಕಾಲೇಜಿನ ಪ್ರಾಜೆಕ್ಟಿಗೆ ಅಂತ ನೀನು ಮಾಡಹೊರಟ ಸ್ಟಾಪ್ ಮೋಷನ್ ಸಿನಿಮಾದ, ಅಂದರೆ ಗೊಂಬೆಯನ್ನು ಚೂರುಚೂರೇ ಸರಿಸಿ ಒಂದೊಂದೇ ಫೋಟೊ ತೆಗೆದು ಜೋಡಿಸುವ ಸಿನಿಮಾದ, ಕಥೆ ಓದಿದೆ. ಗೊಂಬೆ ಹಬ್ಬದ ರಾತ್ರಿ, ಕೆಳಗಿನ ಮೆಟ್ಟಿಲಿನ ಚನ್ನಪಟ್ಟಣದ ಗೊಂಬೆಗೆ ಮೇಲೆ ಪಟ್ಟದ ಗೊಂಬೆಗಳ ಪಕ್ಕ ಕೂರುವ ಆಸೆ. ಹತ್ತಲು ಹೊರಡುತ್ತದೆ. ಇಷ್ಟೇ ಸಾಕು ಕಣೇ! ಆಮೇಲೆ ಬರುವ ಜಾತ್ರೆ, ಮಳೆ, ಜಂಬೂ ಸವಾರಿ ಎಲ್ಲ ತೆಗೆದುಬಿಡು.

ಯಾಕೆ ಅಂತ ಲೆಕ್ಕ ಹಾಕು. ಸೆಕೆಂಡಿಗೆ 12 ಫೋಟೊ ಅಂದರೂ ನಿನ್ನ 3 ನಿಮಿಷಕ್ಕೆ 2,160 ಫೋಟೊ ಬೇಕು. ಗೊಂಬೆ ಸರಿಸಿ, ಕೈ ಆಚೆ ತೆಗೆದು, ಕ್ಲಿಕ್ ಮಾಡಲು ಒಂದಕ್ಕೆ 2 ನಿಮಿಷ ಹಿಡಿದರೆ 72 ಗಂಟೆ. ಕರೆಂಟ್ ಹೋಗೋದು, ನಿನ್ನ ಫ್ರೆಂಡ್ ಟೇಬಲ್ ಒದೆಯೋದು ಇದರಲ್ಲಿ ಸೇರಿಲ್ಲ. 40 ಸೆಕೆಂಡ್ ಸಾಕು ಅಂದರೆ 480 ಫೋಟೊ, 16 ಗಂಟೆ. ಇಂಥದ್ದೇ ಗೊಂಬೆ ಸಿನಿಮಾ ಮಾಡುವ ಬ್ರಿಟನ್ನಿನ ನಿಕ್ ಪಾರ್ಕ್ ಕೂಡ 1982ರಲ್ಲಿ 'ಎ ಗ್ರ್ಯಾಂಡ್ ಡೇ ಔಟ್' ಶುರು ಮಾಡಿದ್ದು ವಿದ್ಯಾರ್ಥಿಯಾಗಿದ್ದಾಗಲೇ. 23 ನಿಮಿಷದ ಆ ಚಿತ್ರ ತೆರೆಗೆ ಬಂದಿದ್ದು 1989ರಲ್ಲಿ. ನಿನ್ನ ಕೈಲಿರೋದು ಒಂದು ಸೆಮಿಸ್ಟರ್.

ಗೊಂಬೆಗೆ ಕೈಕಾಲು ಮಡಚೋಕೆ ಬರಲ್ಲ, ಹಾಗಾಗಿ ಮಣ್ಣಿನದು ಮಾಡ್ತೀನಿ ಅಂದೆಯಲ್ಲ, ಬೇಡ. ಮಡಚೋಕೆ ಬರದಿರೋದೇ ಇಲ್ಲಿ ಮಜಾ. ಅದು ಎಡಕ್ಕೆ ವಾಲಿ, ಬಲಕ್ಕೆ ವಾಲಿ ನಡೆಯಲಿ. ಹೊರಡುವಾಗ ಒಂದೇ ಮಿಲಿಮೀಟರ್ ಸರಿಸು, ಆಮೇಲೆ 3, ಆಮೇಲೆ 5. ನಿಲ್ಲುವ ಮುಂಚೆ ಮತ್ತೆ 3, 1. ಪ್ರತಿ ಸಲ ಒಂದೇ ಅಳತೆ ಸರಿಸಿದರೆ ಗೊಂಬೆಗೆ ತೂಕವೇ ಇಲ್ಲದ ಹಾಗೆ ಕಾಣುತ್ತದೆ. ಮೆಟ್ಟಿಲು ಹತ್ತೋದನ್ನ ಪೂರ್ತಿ ತೋರಿಸಲೇಬೇಡ. ಗೊಂಬೆ ಹಿಂದಕ್ಕೆ ವಾಲಿ, ಅರ್ಧ ಸೆಕೆಂಡ್ ತಡೆದು ನಿಲ್ಲಲಿ. ಮುಂದಿನ ಫೋಟೊದಲ್ಲಿ ಮೇಲಿನ ಮೆಟ್ಟಿಲಲ್ಲಿರಲಿ. ಜೊತೆಗೊಂದು 'ಟಕ್' ಸದ್ದು. ಹಾರಿತು ಅಂತ ನೋಡುವವರೇ ಅಂದುಕೊಳ್ಳುತ್ತಾರೆ. ತಂತಿ ಕಟ್ಟಿ ಗೊಂಬೆ ತೇಲಿಸುವ ಕೆಲಸ ಉಳಿಯಿತು ಅಲ್ವಾ?

ಬೆಳಕಿನ ವಿಷಯಕ್ಕೆ ಬಂದರೆ, ಇಷ್ಟು ವರ್ಷ ಸ್ಟುಡಿಯೊ ನಡೆಸಿದವನು ನಾನು, ಸ್ವಲ್ಪ ಜಾಸ್ತಿನೇ ಹೇಳುತ್ತೇನೆ. ಕಿಟಕಿ ಬೆಳಕು ನಂಬಬೇಡ. ಒಂದು ಮೋಡ ಹಾದುಹೋದರೆ ಸಿನಿಮಾದಲ್ಲಿ ಬೆಳಕು ಮಿಣಮಿಣ ಅನ್ನುತ್ತದೆ. ಕರ್ಟನ್ ಎಳೆದು ಎರಡು ಲೈಟ್ ಇಡು. ಅರಗಿನ ಬಣ್ಣ ಹಾಕಿದ ಗೊಂಬೆ ತುಂಬ ಹೊಳೆಯುತ್ತದೆ, ಬಲ್ಬು ಅದರ ಹೊಟ್ಟೆ ಮೇಲೆ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಲೈಟಿನ ಮುಂದೆ ಟ್ರೇಸಿಂಗ್ ಪೇಪರ್ ಕಟ್ಟು, ಬಲ್ಬಿಗೆ ತಾಗದ ಹಾಗೆ. ನೀನೂ ಕಪ್ಪು ಬಟ್ಟೆ ಹಾಕಿಕೊ. ಬಿಳಿ ಕುರ್ತಾಗೆ ಬಡಿದು ವಾಪಸ್ ಬರುವ ಬೆಳಕು ಗೊಂಬೆಯ ಕೆನ್ನೆ ಮೇಲೆ ಒಂದು ಫೋಟೊದಲ್ಲಿ ಬಂದು ಇನ್ನೊಂದರಲ್ಲಿ ಮಾಯವಾದರೆ ಆಮೇಲೆ ಸರಿಮಾಡೋಕೆ ಆಗಲ್ಲ. ಫೋನಿನಲ್ಲಿ ಫೋಕಸ್, ಎಕ್ಸ್‌ಪೋಶರ್ (ಬೆಳಕು ಎಷ್ಟು ಅನ್ನೋದು), ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಮೂರನ್ನೂ ಲಾಕ್ ಮಾಡು. ಸ್ಕ್ರೀನ್ ಮುಟ್ಟಿ ಕ್ಲಿಕ್ ಮಾಡಬೇಡ, ಸಣ್ಣ ರಿಮೋಟ್ ತಗೋ. ಟ್ರೈಪಾಡ್ ಕಾಲಿಗೂ ಟೇಬಲ್ ಕಾಲಿಗೂ ಟೇಪ್ ಹಾಕು. ಫ್ಯಾನ್ ಆಫ್.

ಸದ್ದನ್ನು ಶೂಟಿಂಗ್‌ಗೆ ಮೊದಲೇ ರೆಕಾರ್ಡ್ ಮಾಡಿಕೊ. ಕಥೆಯ ಚಿತ್ರಗಳನ್ನು ಹಾಳೆ ಮೇಲೆ ಗೀಚಿ, ಫೋಟೊ ತೆಗೆದು, ಸದ್ದಿನ ಜೊತೆ 40 ಸೆಕೆಂಡಿಗೆ ಜೋಡಿಸಿ ನೋಡು. ಎಲ್ಲಿ ಬೋರಾಗುತ್ತದೋ ಅಲ್ಲಿ ಆಗಲೇ ಕತ್ತರಿಸು, ಖರ್ಚಿಲ್ಲ. ಹಿನ್ನೆಲೆಗೆ ಅಜ್ಜಿಯ ಗೊರಕೆ ಬೇಕು ಅಂದಿದ್ದೆಯಲ್ಲ. ಅವಳನ್ನು ಕೇಳಿದರೆ ನಾನು ಗೊರಕೆನೇ ಹೊಡೆಯಲ್ಲ ಅನ್ನುತ್ತಾಳೆ. ಸುಮ್ನೆ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ.

ಪಟ್ಟದ ಗೊಂಬೆಗಳನ್ನು ಮಾತ್ರ ಅಜ್ಜಿ ಹಾಸ್ಟೆಲ್ಲಿಗೆ ಕಳಿಸಲ್ಲವಂತೆ. ಮುಂದಿನ ರಜೆಗೆ ನೀನೇ ಬಾ. ಸ್ಟುಡಿಯೊದ ಒಳಗಿನ ರೂಮು ಖಾಲಿ ಮಾಡಿಸಿಡುತ್ತೇನೆ.

ನಿನ್ನ ಅಪ್ಪ