ಪಂಚ್ ಕಾರ್ಡ್ ಕಾಲದ ನೆನಪುಗಳು: ಸದಸ್ಯರ ಗಮನಕ್ಕೆ

ಆತ್ಮೀಯರೇ,

ಈ ತಿಂಗಳು ನಮ್ಮ ಗುಂಪಿನಲ್ಲಿ, ಕಾಗದದಲ್ಲಿ ರಂಧ್ರ ಕೊರೆದು ಕಂಪ್ಯೂಟರಿಗೆ ಪ್ರೋಗ್ರಾಂ, ಮಾಹಿತಿ ಕೊಡುತ್ತಿದ್ದ ಪಂಚ್ ಕಾರ್ಡ್ ಮತ್ತು ಪೇಪರ್ ಟೇಪಿನ ಕಾಲದ ನೆನಪುಗಳನ್ನು ಒಟ್ಟುಗೂಡಿಸುತ್ತಿದ್ದೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐಬಿಎಂ 360/44 ಅಥವಾ ಕಾನ್ಪುರ ಐಐಟಿಯ ಐಬಿಎಂ 1620 ಕಂಪ್ಯೂಟರಿನಲ್ಲಿ ಕೆಲಸ ಮಾಡಿದವರು ದಯವಿಟ್ಟು ಬರೆಯಿರಿ.

'ಕಷ್ಟದ ದಿನಗಳು' ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಕೈಗಳು ಏನು ಮಾಡುತ್ತಿದ್ದವು ಎಂಬುದು ಬೇಕು. ಕಾರ್ಡಿಗೆ 80 ಕಾಲಂ, 12 ಸಾಲು. ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೇಳಿಕೆಗೆ 7ರಿಂದ 72ರವರೆಗಿನ ಕಾಲಂಗಳು. ಕೊನೆಯ 8 ಕಾಲಂಗಳಲ್ಲಿ ಕ್ರಮಸಂಖ್ಯೆ ಪಂಚ್ ಮಾಡಿದ್ದವರು, ಕಾರ್ಡುಗಳ ಕಟ್ಟು ಕೈಜಾರಿ ಚೆಲ್ಲಾಪಿಲ್ಲಿಯಾದರೂ ವಿಂಗಡಿಸುವ ಯಂತ್ರವಾದ ಸಾರ್ಟರ್‌ಗೆ ಹಾಕಿ ಸರಿಪಡಿಸಿಕೊಳ್ಳಬಹುದಿತ್ತು. ಉಳಿದವರಿಗೆ ಕಟ್ಟಿನ ಅಂಚಿನ ಮೇಲೆ ಓರೆಯಾಗಿ ಎಳೆದ ಗೆರೆಯೇ ಗತಿ. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಕಾರ್ಡು ಅದಲುಬದಲಾಗಿದೆ ಎಂದರ್ಥ. ಎಂಥ ಸರಳ ಉಪಾಯ! ನನಗೆ ಇಂದಿಗೂ ಅದರ ಮೇಲೆ ಅಭಿಮಾನ. ಟೇಪಿನಲ್ಲಿ ಕಾರ್ಡಿನಂತೆ ಒಂದನ್ನು ತೆಗೆದು ಇನ್ನೊಂದನ್ನು ಇಡುವ ಅನುಕೂಲವಿರಲಿಲ್ಲ. ತಪ್ಪಿದ ಅಕ್ಷರದ ಜಾಗದಲ್ಲಿ ಎಲ್ಲ ರಂಧ್ರಗಳನ್ನೂ ಕೊರೆದು ಅಳಿಸಬೇಕು, ನಡುವೆ ಏನಾದರೂ ಸೇರಿಸಲು ಕತ್ತರಿಸಿ ಅಂಟಿಸಬೇಕು.

ಪಂಚ್ ಆಪರೇಟರ್ ಆಗಿದ್ದವರು ಮೊದಲು ಬರೆಯಲಿ ಎಂಬುದು ನನ್ನ ವಿಶೇಷ ಕೋರಿಕೆ. ಒಬ್ಬರು ಕೊರೆದದ್ದನ್ನು ಮತ್ತೊಬ್ಬರು ವೆರಿಫೈಯರ್‌ನಲ್ಲಿ ಪುನಃ ಒತ್ತಿ ತಾಳೆ ನೋಡುತ್ತಿದ್ದ ಆ ಶ್ರದ್ಧೆ ದಾಖಲಾಗಲೇಬೇಕು.

ಮನೆಯಲ್ಲಿ ಹಳೆಯ ಕಾರ್ಡುಗಳಿದ್ದರೆ ರಬ್ಬರ್ ಬ್ಯಾಂಡ್ ತೆಗೆದು, ಕ್ರಮ ಕೆಡದಂತೆ ಒಣ ಡಬ್ಬಿಯಲ್ಲಿಡಿ. ಲ್ಯಾಮಿನೇಟ್ ಮಾಡಿಸಬೇಡಿ. ಫೋಟೊದಲ್ಲಿ ಕತ್ತರಿಸಿದ ಮೂಲೆಯೂ ಮೇಲಂಚಿನ ಮುದ್ರಿತ ಅಕ್ಷರಗಳೂ ಕಾಣಲಿ. ಟೈಪ್ ಮಾಡಲು ಕಷ್ಟವಾದರೆ ಧ್ವನಿ ಸಂದೇಶ ಕಳುಹಿಸಿ, ಬರೆದುಕೊಳ್ಳುವ ಕೆಲಸ ನನ್ನದು.