ಅತ್ತಿಗೆಯ ಜೀಪ್ ಎರಡನೆಯದಾಗಿ ಹೋಗಲಿ

ಮಸ್ಕತ್
ನವೆಂಬರ್ 23

ಪ್ರೀತಿಯ ಅಣ್ಣನಿಗೆ,

ನಾನಿಲ್ಲಿ ಕ್ಷೇಮ. ಅಪ್ಪಾಜಿ, ಅಮ್ಮ, ನೀನು, ಅತ್ತಿಗೆ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಮ್ಮನ ಮಂಡಿ ನೋವು ಹೇಗಿದೆ? ಚಳಿ ಶುರುವಾದರೆ ಅವರಿಗೆ ಜಾಸ್ತಿಯಾಗುತ್ತದೆ. ಬಿಸಿನೀರಿನ ಚೀಲ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದೆ, ತೆಗೆದುಕೊಡು. ಅರೇಬಿಕಾ ಕಾಫಿ ಕುಯ್ಲಿಗೆ ಆಳು ಸಿಕ್ಕಿದರಾ?

ಫೆಬ್ರವರಿ ಮೊದಲ ಶನಿವಾರ, ಭಾನುವಾರ ಮನೆಯವರೆಲ್ಲ ಜೀಪು, ಗಾಡಿಗಳಲ್ಲಿ ಗುಡ್ಡಕ್ಕೆ ಹೋಗುವ ವಿಷಯಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ "ಆಯ್ತು ಬಿಡು, ಬಂದಾಗ ನೋಡೋಣ" ಅನ್ನುತ್ತೀಯ. ಬಂದಾಗ ನೋಡುವ ವಿಷಯ ಇದಲ್ಲ ಅಣ್ಣ. ಹದಿಮೂರು ಜನ, ನಾಲ್ಕು ಗಾಡಿ, ಒಂದು ರಾತ್ರಿ ಹೊರಗೆ. ಅದರಲ್ಲಿ ಗುಡ್ಡದ ದಾರಿ ಚೆನ್ನಾಗಿ ಗೊತ್ತಿರುವವರು ನೀನು ಮತ್ತು ಅಪ್ಪಾಜಿ ಮಾತ್ರ.

ದಿನ ಸರಿಯಾಗಿ ಆರಿಸಿದ್ದೀಯ. ಗಣರಾಜ್ಯೋತ್ಸವದ ರಜೆಗೆ ಬಂದ ಪ್ರವಾಸಿಗಳೆಲ್ಲ ವಾಪಸ್ ಹೋಗಿರುತ್ತಾರೆ. ನಮ್ಮ ಕಡೆ ಅರೇಬಿಕಾ ಮುಗಿದಿರುತ್ತದೆ, ಗದ್ದೆ ಒಣಗಿರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿರುವುದಿಲ್ಲ. ನನಗೆ ಒಪ್ಪಿಗೆ ಆಗದಿರುವುದು ದಾರಿ. ಶನಿವಾರ ಬೆಳಿಗ್ಗೆಯೇ ಎಲ್ಲರನ್ನೂ ಕೋಟೆಬೆಟ್ಟಕ್ಕೆ ಹತ್ತಿಸಿ, ರಾತ್ರಿ ಮೇಲೆಯೇ ಉಳಿಯೋಣ ಅಂದೆಯಲ್ಲ. ನಿನ್ನ ಕೈಗೆ ಅದು ಏನೂ ಅಲ್ಲ. ಆದರೆ ನೀನು ನಿನ್ನ ಕೈ ನೋಡಿಕೊಂಡು ದಾರಿ ಆರಿಸಿದ್ದೀಯ. ನಮ್ಮಲ್ಲಿ ಯಾರಿಗೆ ಎಲ್ಲಕ್ಕಿಂತ ಕಡಿಮೆ ಗೊತ್ತೋ ಅವರನ್ನು ನೋಡಿ ಆರಿಸಬೇಕಿತ್ತು.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳದ ಒಂದು ವಿಷಯ ಇದೆ. ಅಮ್ಮ ಹೆದರುತ್ತಾರೆ ಅಂತ ಸುಮ್ಮನಿದ್ದೆ.

ಇಲ್ಲಿಗೆ ಬಂದ ಎರಡನೇ ವರ್ಷ, ಗಾಡಿ ತೆಗೆದುಕೊಂಡ ಹೊಸದರಲ್ಲಿ, ಒಂದು ಗುಂಪಿನ ಜೊತೆ ವಹೀಬಾ ಮರಳುಗಾಡಿಗೆ ಹೋಗಿದ್ದೆ. ಮಸ್ಕತ್‌ನಿಂದ ಬಿದಿಯಾ ಅನ್ನುವ ಊರಿನವರೆಗೆ ಟಾರ್ ರಸ್ತೆ, ಅಲ್ಲಿಂದ ಮುಂದೆ ಮರಳು. ಐದು ಗಾಡಿ. ನಾಲ್ವರು ಪಳಗಿದವರು, ನಾನೊಬ್ಬಳೇ ಹೊಸಬಳು. ನನ್ನನ್ನು ಕೊನೆಯಲ್ಲಿ ಬಿಟ್ಟರು. "ನಮ್ಮ ಚಕ್ರದ ಗುರುತು ಹಿಡಿದು ಬಾ" ಅಂದರು, ಅಷ್ಟೇ. ಟೈರಿನ ಗಾಳಿ ಇಳಿಸಬೇಕು ಅಂತ ಯಾರೂ ಹೇಳಲಿಲ್ಲ. ಮೂರನೇ ದಿಬ್ಬದಲ್ಲಿ ನನ್ನ ಗಾಡಿ ಹೂತಿತು. ಹೊರಗೆ ಬರಲು ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ ಹೋಯಿತು, ಆಕ್ಸಲ್‌ವರೆಗೆ. ಮುಂದಿನವರು ದಿಬ್ಬ ದಾಟಿ ಮರೆಯಾಗಿದ್ದರು. ಫೋನಿಗೆ ಸಿಗ್ನಲ್ ಇಲ್ಲ. ಅಕ್ಟೋಬರ್ ಮಧ್ಯಾಹ್ನದ ಬಿಸಿಲು. ಕೈಯಲ್ಲಿ ಒಂದು ಬಾಟಲಿ ನೀರು. ನಲವತ್ತು ನಿಮಿಷ ಒಬ್ಬಳೇ ಕೂತಿದ್ದೆ ಅಣ್ಣ. ಆ ಮೌನ ನನಗೆ ಈಗಲೂ ನೆನಪಿದೆ.

ಕೊನೆಗೆ ಬಂದವರು ನಮ್ಮ ಗುಂಪಿನವರಲ್ಲ. ಆ ಮರಳಿನಲ್ಲೇ ಬಾಳುವ ಬದೂ ಜನರ ಅಜ್ಜ ಒಬ್ಬರು, ಪಿಕಪ್‌ನಲ್ಲಿ. ಅವರು ಎಳೆಯಲಿಲ್ಲ, ತಳ್ಳಲಿಲ್ಲ. ಟೈರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಒಂದು ಸಣ್ಣ ಕಲ್ಲಿನ ಚೂಪು ತುದಿಯಿಂದ ವಾಲ್ವ್ ಒತ್ತಿ ಹಿಡಿದರು. ನಾಲ್ಕೂ ಟೈರು, ಒಂದೊಂದಾಗಿ. 35ರಲ್ಲಿದ್ದ ಗಾಳಿ ಅರ್ಧಕ್ಕೆ ಇಳಿದಿರಬೇಕು. ಆಮೇಲೆ ಚಕ್ರದ ಮುಂದಿನ ಮರಳನ್ನು ಕೈಯಲ್ಲೇ ಬಾಚಿ, ಮೆಲ್ಲಗೆ ಹೋಗು ಅಂತ ಸನ್ನೆ ಮಾಡಿದರು. ಗಾಡಿ ತಾನಾಗಿ ಎದ್ದು ಬಂತು. ಗಾಳಿ ಕಡಿಮೆಯಾದರೆ ಟೈರು ಅಗಲ, ಉದ್ದ ಹರಡಿಕೊಂಡು ನೆಲದ ಮೇಲೆ ಭಾರ ಹಂಚುತ್ತದೆ. ಇಷ್ಟು ಚಿಕ್ಕ ವಿಷಯ. ಹೊರಡುವ ಮೊದಲು ಎರಡು ನಿಮಿಷ ನಿಂತು ಹೇಳಿದ್ದರೆ ಸಾಕಿತ್ತು.

ಮುಂದಿನ ವರ್ಷ ಬೇರೆಯವರ ಜೊತೆ ಹೋದೆ. ಬನಿ ಔಫ್ ಕಣಿವೆಯ ದಾರಿ. ಹಜರ್ ಬೆಟ್ಟಸಾಲಿನ ಮೇಲಿಂದ ರುಸ್ತಾಕ್ ಕಡೆಗೆ ಇಳಿಯುವ ಕಚ್ಚಾ ರಸ್ತೆ, ಒಂದು ಪಕ್ಕ ಪೂರಾ ಪ್ರಪಾತ. ಅವತ್ತು ಮುಂದಿದ್ದವರು ನನ್ನ ಗಾಡಿಯನ್ನು ತಮ್ಮ ಹಿಂದೆಯೇ ಎರಡನೆಯದಾಗಿ ಇಟ್ಟರು. ಎಲ್ಲರಿಗಿಂತ ಕೊನೆಗೆ ಇನ್ನೊಬ್ಬ ಪಳಗಿದವರು. ಮುಂದಿದ್ದವರು ನನ್ನ ವೇಗಕ್ಕೇ ಹೋದರು. ಒಂದೊಂದು ತಿರುವಿನಲ್ಲೂ ಕನ್ನಡಿಯಲ್ಲಿ ನಾನು ಕಂಡ ಮೇಲೆಯೇ ಮುಂದೆ ಹೋಗುತ್ತಿದ್ದರು. ಅವತ್ತು ನಾನು ಕಲಿತಷ್ಟು ಬೇರೆ ಯಾವ ದಿನವೂ ಕಲಿತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಅತ್ತಿಗೆ ಎರಡನೆಯವರಾಗಿ ಹೋಗಲಿ. ಹೌದು, ಅವರೇ ಓಡಿಸಲಿ. ಹೋದ ಸಲ ಅವರು ಸ್ಟೇರಿಂಗ್ ಹಿಡಿದಾಗ ಇಳಿಜಾರಿನಲ್ಲಿ ಎಂಜಿನ್ ಆಫ್ ಆಯಿತು. ಮೂರು ಜನ ಮೂರು ಕಡೆಯಿಂದ "ಕ್ಲಚ್, ಕ್ಲಚ್", "ಬ್ರೇಕ್ ಒತ್ತು", "ಬಲಕ್ಕೆ" ಅಂತ ಕೂಗಿದಿರಿ. ಅವರು ಇಳಿದು ಹಿಂದೆ ಹೋಗಿ ಕೂತರು. ಆಮೇಲೆ ಜೀಪ್ ಮುಟ್ಟಿಲ್ಲ ಅಂತ ಅಮ್ಮ ಹೇಳಿದರು. ಮಳೆಗಾಲದ ಮಂಜಿನಲ್ಲಿ ದಿನಾ ಆಲ್ಟೋ ಓಡಿಸಿಕೊಂಡು ಶಾಲೆಗೆ ಹೋಗಿ ಬರುವವರು ಅವರು. ಅವರಿಗೆ ಗಾಡಿ ಗೊತ್ತಿದೆ. ನಾಲ್ಕೂ ಚಕ್ರ ಎಳೆಯುವ ಫೋರ್ ವ್ಹೀಲ್ ಮಾತ್ರ ಗೊತ್ತಿಲ್ಲ. ಅದನ್ನು ಹೇಳಿಕೊಡುವುದು ನಮ್ಮ ಕೆಲಸ ಅಲ್ವಾ?

ನನ್ನ ಲೆಕ್ಕ ಹೀಗಿದೆ. ಶನಿವಾರ ಬೆಳಿಗ್ಗೆ ಎಲ್ಲಿಗೂ ಹೋಗುವುದು ಬೇಡ. ಗದ್ದೆಯ ಮೇಲಿನ ನಮ್ಮ ಗುಡ್ಡದ ಜಾಗ, ಆ ಬಾಣೆಯ ಇಳಿಜಾರಿನಲ್ಲೇ ಮಧ್ಯಾಹ್ನದವರೆಗೆ ಅಭ್ಯಾಸ. ಅಪ್ಪಾಜಿ ಹೇಳಿಕೊಡಲಿ, ಅವರಷ್ಟು ತಾಳ್ಮೆ ನಮಗಿಬ್ಬರಿಗೂ ಇಲ್ಲ. ಇಳಿಯುವಾಗ ಫೋರ್ ವ್ಹೀಲ್‌ನ ನಿಧಾನದ ಗೇರು, ಆ ಲೋ ಗೇರಿನ ಫಸ್ಟ್‌ನಲ್ಲಿ ಹಾಕಿ ಕ್ಲಚ್‌ನಿಂದ ಕಾಲು ತೆಗೆಯುವುದು, ಎಂಜಿನ್ನೇ ಗಾಡಿ ಹಿಡಿದುಕೊಳ್ಳುತ್ತದೆ ಅಂತ ನಂಬುವುದು. ಹತ್ತುವಾಗ ಎಂಜಿನ್ ನಿಂತರೆ ಅಲ್ಲೇ ತಿರುಗಿಸಲು ಹೋಗದೆ, ರಿವರ್ಸ್ ಗೇರಿನಲ್ಲಿ ನೇರವಾಗಿ ಹಿಂದೆ ಬರುವುದು. ಇಳಿಜಾರಿಗೆ ಅಡ್ಡ ತಿರುಗಿಸಿದರೇ ಗಾಡಿ ಮಗುಚುವುದು. ಈ ಎರಡು ಕೈಗೆ ಬಂದರೆ ಅತ್ತಿಗೆಗೂ, ಚಿಕ್ಕಪ್ಪನ ಮಗನಿಗೂ ಅರ್ಧ ಭಯ ಹೋಗುತ್ತದೆ. ಅವನ ಥಾರ್ ಹೊಸದು, ಬೆಂಗಳೂರಿನ ರಸ್ತೆ ಬಿಟ್ಟು ಕೆಳಗೆ ಇಳಿದಿಲ್ಲ. ಅವನು ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳುವವನಲ್ಲ. ಅವನ ಮೇಲೂ ಕಣ್ಣಿರಲಿ.

ಮಾರ್ಗ ತೋರಿಸಲು ಹೊರಗೆ ಒಬ್ಬರೇ ನಿಲ್ಲಬೇಕು. ಓಡಿಸುವವರು ಆ ಒಬ್ಬರ ಕೈ ಮಾತ್ರ ನೋಡಬೇಕು. ಉಳಿದವರು ಬಾಯಿ ಮುಚ್ಚಿಕೊಂಡು ದೂರ ನಿಲ್ಲಬೇಕು. ಇದನ್ನು ನೀನೇ ಎಲ್ಲರ ಮುಂದೆ ಹೇಳು. ನಾನು ಹೇಳಿದರೆ ಯಾರೂ ಕೇಳುವುದಿಲ್ಲ.

ಕೋಟೆಬೆಟ್ಟ ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳೋಣ, ಮನಸ್ಸಿದ್ದವರಿಗೆ ಮಾತ್ರ. ಮೇಲೆ ಹೋಗಿ ಈಶ್ವರನ ಗುಡಿಗೆ ಕೈಮುಗಿದು, ಬಿಸಿಲು ಏರುವ ಮೊದಲು ಇಳಿಯೋಣ. ರಾತ್ರಿ ಅಲ್ಲಿ ಬೇಡ. ಆ ಗಾಳಿಗೆ ಟೆಂಟ್ ನಿಲ್ಲುವುದೂ ಕಷ್ಟ, ಮಕ್ಕಳು ನಿದ್ದೆ ಮಾಡುವುದಿಲ್ಲ. ಮತ್ತೆ ಅರಣ್ಯದ ಜಾಗದಲ್ಲಿ ಅನುಮತಿ ಇಲ್ಲದೆ ಉಳಿಯುವಂತಿಲ್ಲ. ಹುಲ್ಲುಗಾವಲಿನ ಮೇಲೆ ದಾರಿ ಬಿಟ್ಟು ಗಾಡಿ ಓಡಿಸುವುದಂತೂ ನನಗೆ ಸಹಿಸಲು ಆಗುವುದಿಲ್ಲ. ಒಂದು ಸಲ ಚಕ್ರ ಸೀಳಿದ ಜಾಗದಲ್ಲಿ ಮಳೆನೀರು ಹರಿದು ಕೊರಕಲಾಗುತ್ತದೆ.

ಹಟ್ಟಿಹೊಳೆ ಕಡೆಯ ಆ ಹಳೇ ಕೂಪಿನ ದಾರಿಯೂ, ಮರ ಸಾಗಿಸುತ್ತಿದ್ದ ದಾರಿ, ಬೇಡ ಅಣ್ಣ. 2018ರ ಆಗಸ್ಟ್‌ನಲ್ಲಿ ಗುಡ್ಡದ ಬರೆ ಕುಸಿದದ್ದು ನೀನೇ ಕಣ್ಣಾರೆ ನೋಡಿದ್ದೀಯ. ಮೇಲಿನಿಂದ ಗಟ್ಟಿ ಕಾಣುವ ಅಂಚು ಕೆಳಗೆ ಟೊಳ್ಳಿರಬಹುದು. ಹೊಸಬರು ಹೆದರಿದಾಗ ಎದುರಿನ ಗುಂಡಿ ತಪ್ಪಿಸಲು ಅಂಚಿನ ಕಡೆಗೇ ತಿರುಗಿಸುತ್ತಾರೆ. ನಾನೂ ಹಾಗೆ ಮಾಡಿದವಳೇ.

ರಾತ್ರಿ ಉಳಿಯಲು ನಮ್ಮ ಕೆಳಗಿನ, ಬೆಳೆ ಇಡದೆ ಬಿಟ್ಟ ಹಡ್ಲು ಗದ್ದೆ ಸಾಕು. ಸಮತಟ್ಟು, ಪಕ್ಕದಲ್ಲೇ ತೋಡು, ಮನೆಗೆ ಹತ್ತು ನಿಮಿಷದ ದಾರಿ. ಅಮ್ಮನಿಗೆ ಮಂಡಿ ನೋವು ಜಾಸ್ತಿಯಾದರೆ ಮನೆಗೆ ಹೋಗಿ ಮಲಗಬಹುದು. ಮಾವನ ಇನ್ನೋವಾ ಕಣದಲ್ಲಿ ನಿಲ್ಲಲಿ, ಅವರು ನಿನ್ನ ಜಿಪ್ಸಿಯಲ್ಲಿ ಬರಲಿ. ಆದರೆ ಟೆಂಟನ್ನು ಹಲಸಿನ ಮರದ ಪಕ್ಕ ಹಾಕಬೇಡ. ಅದು ಆನೆ ಇಳಿಯುವ ದಾರಿ, ಕಾಯಿ ಇಲ್ಲದ ಕಾಲದಲ್ಲೂ ಅವು ಅದೇ ದಾರಿ ಹಿಡಿಯುತ್ತವೆ. ಆನೆ ಎಲ್ಲಿದೆ ಅಂತ ಊರಿನ ವಾಟ್ಸಾಪ್ ಗುಂಪಿನಲ್ಲಿ ಸಂಜೆ ಬರುತ್ತಲ್ಲ, ಅದನ್ನು ನೋಡಿಯೇ ಗುಡಾರ ಹೂಡೋಣ. ಹತ್ತಿರ ಇದೆ ಅಂದರೆ ಎಲ್ಲರೂ ಮನೆ ಜಗಲಿಯಲ್ಲಿ ಮಲಗೋಣ. ಮಕ್ಕಳಿಗೆ ಬೇಜಾರಾಗಲಿ, ಪರವಾಗಿಲ್ಲ. ಬೆಂಕಿ ಗದ್ದೆಯ ನಡುವೆ ಮಾತ್ರ, ತೋಟದ ತರಗೆಲೆಯಿಂದ ದೂರ. ಎರಡು ಕೊಡ ನೀರು ಪಕ್ಕದಲ್ಲೇ ಇರಲಿ. ಊಟಕ್ಕೆ ಅಮ್ಮನ ಅಕ್ಕಿ ರೊಟ್ಟಿ, ಕೋಳಿ ಸಾರು. ಅದರ ಬಗ್ಗೆ ನಾನು ಹೇಳುವುದೇನೂ ಇಲ್ಲ, ಇಲ್ಲಿ ಕೂತು ಅದನ್ನೇ ನೆನೆಯುತ್ತಿದ್ದೇನೆ.

ಗಾಡಿಗಳನ್ನು ಜನವರಿಯಲ್ಲೇ ಒಮ್ಮೆ ತೋರಿಸು. ಅಪ್ಪಾಜಿಯ ಜೀಪಿನಲ್ಲಿ ಮುಂದಿನ ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ಹಬ್ ಲಾಕ್ ಹೋದ ಸಲವೇ ಬಿಗಿಯಾಗಿತ್ತು. ಅದು ತಿರುಗದಿದ್ದರೆ ಫೋರ್ ವ್ಹೀಲ್ ಹಾಕಿದರೂ ಮುಂದಿನ ಚಕ್ರ ಎಳೆಯುವುದಿಲ್ಲ. ಆ ಜೀಪಿನದು ಟ್ಯೂಬ್ ಇರುವ ಟೈರು, ಗಾಳಿ ತೀರಾ ಇಳಿಸಿದರೆ ಟೈರು ರಿಮ್ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ. ಸ್ವಲ್ಪ ಮಾತ್ರ ಇಳಿಸೋಣ. ಥಾರ್‌ಗೆ ಕಲ್ಲಿನ ದಾರಿಯಲ್ಲಿ 22 ಸಾಕು. ಗೇಜ್ ಎರಡು, ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಒಂದು ಇಲ್ಲಿಂದ ತರುತ್ತೇನೆ.

ಮತ್ತೆ ಆ ಸರಪಳಿ. ಹೋದ ವರ್ಷ ಕ್ಯಾಂಪರ್ ಪಿಕಪ್ ಹೂತಾಗ ಬಂಪರಿಗೆ ಸರಪಳಿ ಸಿಕ್ಕಿಸಿ ಎಳೆದ ವಿಡಿಯೋ ನೀನು ನನಗೆ ಕಳಿಸಿದ್ದೆ. ನೋಡಿ ನನ್ನ ಕೈಕಾಲು ತಣ್ಣಗಾಯಿತು. ಮಕ್ಕಳು ಎರಡು ಮಾರು ದೂರದಲ್ಲಿ ನಿಂತಿದ್ದರು. ಸರಪಳಿ ತುಂಡಾದರೆ, ಇಲ್ಲ ಬಂಪರ್ ಕಿತ್ತುಬಂದರೆ, ಅದು ಗುಂಡಿನ ಹಾಗೆ ಬರುತ್ತದೆ. ಅದಕ್ಕೆಂದೇ ಮಾಡಿದ ಹಗ್ಗ ಬೇಕು, ಚಾಸಿಗೆ ಸೇರಿದ ಕೊಕ್ಕೆಗೇ ಕಟ್ಟಬೇಕು, ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕಬೇಕು, ಹಗ್ಗದ ಉದ್ದಕ್ಕಿಂತ ದೂರ ಎಲ್ಲರೂ ನಿಲ್ಲಬೇಕು. ಈ ಒಂದು ವಿಷಯದಲ್ಲಿ ನನ್ನ ಜೊತೆ ವಾದ ಮಾಡಬೇಡ ಅಣ್ಣ.

ನಾನು ಜನವರಿ 28ಕ್ಕೆ ಬೆಂಗಳೂರಿಗೆ ಇಳಿಯುತ್ತೇನೆ. ರಾತ್ರಿ ಬಸ್ಸಿಗೆ ಬಂದುಬಿಡುತ್ತೇನೆ, ಕುಶಾಲನಗರಕ್ಕೆ ಯಾರಾದರೂ ಬಂದರೆ ಸಾಕು. ಈ ಕಾಗದ ಓದಿ ಅತ್ತಿಗೆ ಕೈಗೆ ಕೊಡು. ಅವರು ಬೇಡ ಅಂದರೆ ನಾನು ಒತ್ತಾಯ ಮಾಡುವುದಿಲ್ಲ. ಹ್ಞೂಂ ಅಂದರೆ, ನಾನು ಬರುವ ಮೊದಲು ಒಂದು ಭಾನುವಾರ ಅವರನ್ನೂ ಅಪ್ಪಾಜಿಯನ್ನೂ ಬಾಣೆಗೆ ಕಳಿಸಿ, ನೀನು ಮನೆಯಲ್ಲೇ ಇರು.

ಅಪ್ಪಾಜಿ, ಅಮ್ಮನಿಗೆ ನಮಸ್ಕಾರ. ಮಕ್ಕಳಿಗೆ ಮುದ್ದು.

ಇಂತಿ ನಿನ್ನ ಪ್ರೀತಿಯ ತಂಗಿ