ಸೇತುವೆ ಬಂತು, ರಾತ್ರಿ ಗಸ್ತು ಯಾವಾಗ?

ಮಾನ್ಯ ಸಂಪಾದಕರೇ,

ಶರಾವತಿ ಹಿನ್ನೀರಿಗೆ ಅಡ್ಡವಾಗಿ ಕಟ್ಟಿದ ಸಿಗಂದೂರು ಸೇತುವೆ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. 2025ರ ಜುಲೈ 14ರಂದು ಅದು ಉದ್ಘಾಟನೆಯಾದಾಗ ಹಿನ್ನೀರಿನ ಈಚೆ ದಡದವರಾದ ನಮಗೆ ಆದ ಖುಷಿ ಅಷ್ಟಿಷ್ಟಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರಿಂದ ನೀರು ದಾಟುವುದೇ ಒಂದು ಕೆಲಸವಾಗಿ ಬದುಕಿದವರು ನಾವು. ಆಸ್ಪತ್ರೆಗೆ ಹೊರಟವರನ್ನೂ ದಡದಲ್ಲಿ ಕೂರಿಸಿಕೊಂಡು ಲಾಂಚ್ ಕಾದಿದ್ದೇವೆ. ಸೇತುವೆ ಬೇಕೇ ಬೇಕಿತ್ತು. ಆದರೆ ಅದರ ಜೊತೆಗೇ ಬರಬೇಕಿದ್ದ ಒಂದು ವ್ಯವಸ್ಥೆ ಇನ್ನೂ ಬಂದಿಲ್ಲ. ಅದು ರಾತ್ರಿ ಗಸ್ತು.

ಲಾಂಚ್ ಇದ್ದಾಗ ಸಂಜೆ ಕೊನೆಯ ಟ್ರಿಪ್ ಹೋದರೆ ಮುಗಿಯಿತು. ಬೆಳಗಿನ ತನಕ ಸಾಗರದ ಕಡೆಯಿಂದ ಒಂದು ಗಾಡಿಯೂ ಈಚೆಗೆ ಬರುತ್ತಿರಲಿಲ್ಲ. ರಸ್ತೆ ಸುತ್ತಿ ಬರಬಹುದಿತ್ತು, ಆದರೆ ಅಷ್ಟು ದೂರ ಸುತ್ತಿ ಅಡಿಕೆ ಕದಿಯಲು ಯಾರು ಬರುತ್ತಾರೆ? ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರವಿ, ಸಂಜೆ ಮೇಲೊಂದು ಟಾರ್ಪಾಲು ಎಳೆದು ನಿಶ್ಚಿಂತೆಯಿಂದ ಮಲಗುತ್ತಿದ್ದೆವು. ಈಗ ರಾತ್ರಿ ಎರಡು ಗಂಟೆಗೂ ಪಿಕಪ್ ಓಡಾಡುತ್ತದೆ. ಅದು ಸಿಗಂದೂರು ದೇವಸ್ಥಾನಕ್ಕೆ ಬಂದವರದ್ದೋ, ಕೊಲ್ಲೂರಿಗೆ ಹೊರಟವರದ್ದೋ, ಇನ್ಯಾರದ್ದೋ ಹೇಳುವವರಿಲ್ಲ.

ಕಳೆದ ಕೊಯ್ಲಿನಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಕಳ್ಳತನವಾಯಿತು. ಪಕ್ಕದ ಮನೆ ಅಂದರೆ ನಮ್ಮಲ್ಲಿ ಒಂದು ಗುಡ್ಡ ಇಳಿದು, ಸಂಕ ದಾಟಿ ಹೋಗಬೇಕು. ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ. ಬೆಳಿಗ್ಗೆ ನಾನು ಹೋದಾಗ ಅಂಗಳದಲ್ಲಿ ಟಾರ್ಪಾಲನ್ನು ನೀಟಾಗಿ ಮಡಚಿ ಇಟ್ಟಿತ್ತು, ಅದರ ಮೇಲೆ ಗಾಳಿಗೆ ಹಾರದ ಹಾಗೆ ಕಲ್ಲೂ ಹೇರಿತ್ತು. ಒಣಗಿ ಇನ್ನೇನು ಚೀಲ ತುಂಬಬೇಕು ಅನ್ನುವ ಹದಕ್ಕೆ ಬಂದಿದ್ದ ಅಡಿಕೆ ಮಾತ್ರ ಇಲ್ಲ. ಅಂಗಳದಿಂದ ಬೇಲಿಯ ಉಣುಗೋಲಿನ (ಗೇಟಿನ) ತನಕ ಕೆಂಪಡಿಕೆ ಒಂದೊಂದೇ ಉದುರಿಕೊಂಡು ಹೋಗಿತ್ತು. ಅಜ್ಜಿ ಸೆರಗಿನಲ್ಲಿ ಅದನ್ನೇ ಆರಿಸುತ್ತಿದ್ದರು. ಕ್ವಿಂಟಲ್‌ಗೆ 50 ಸಾವಿರ ದಾಟಿದ ಮಾಲು. ಆ ಮನೆಗೆ ವರ್ಷದ ಆದಾಯ ಅಂದರೆ ಅದೊಂದೇ.

ಪೊಲೀಸರ ತುರ್ತು ನಂಬರ್ 112ಕ್ಕೆ ಫೋನ್ ಮಾಡಲು ಗುಡ್ಡದ ತಲೆಗೆ ಹೋಗಬೇಕಾಯಿತು, ಕೆಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಕರೆ ಹೋಗುವುದು ಬೆಂಗಳೂರಿನ ಕಂಟ್ರೋಲ್ ರೂಮಿಗೆ. ಅಲ್ಲಿ ಕೂತ ಹುಡುಗಿ ಬಹಳ ತಾಳ್ಮೆಯಿಂದಲೇ ಕೇಳಿದರು, ಆದರೆ ಕ್ರಾಸ್ ಯಾವುದು, ಲ್ಯಾಂಡ್‌ಮಾರ್ಕ್ ಯಾವುದು ಅಂದರೆ ನಾವು ಏನು ಹೇಳುವುದು? ಹಲಸಿನಮರದ ತಿರುವಿನಲ್ಲಿ ಎಡಕ್ಕೆ ಇಳಿದರೆ ಕೆಳಗಿನ ಮನೆ, ಇದೇ ನಮ್ಮ ವಿಳಾಸ. ಗಾಡಿಯವರು ದಾರಿ ಹುಡುಕಿಕೊಂಡು ಬಂದರು. ಬಂದ ಇಬ್ಬರೂ ಒಳ್ಳೆಯವರು, ಫೋಟೋ ತೆಗೆದರು, ಟೈರಿನ ಗುರುತು ನೋಡಿದರು. "ಅಜ್ಜ, ರಾತ್ರಿ ಗಾಡಿ ಸದ್ದು ಕೇಳಿಸಲಿಲ್ವಾ?" ಅಂದರು. "ಕೇಳಿಸ್ತು ಮಾರಾಯ, ದೇವಸ್ಥಾನದ್ದು ಅಂದ್ಕೊಂಡೆ" ಅಂದರು ಅಜ್ಜ. ಈ ಕಡೆಯ ಬೀಟ್, ಅಂದರೆ ಗಸ್ತಿನ ಹೊಣೆ, ಯಾರದ್ದು ಅಂತ ನಾನು ಕೇಳಿದೆ. ಹೆಸರು ಹೇಳಿದರು, ಆದರೆ ಆತ ಬಂದೋಬಸ್ತಿಗೆ ಹೋಗಿ ವಾರದ ಮೇಲಾಗಿತ್ತು. ಆ ಹೆಸರನ್ನು ನಾವು ಕೇಳಿದ್ದೂ ಅವತ್ತೇ ಮೊದಲು.

ಠಾಣೆಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಇದರಲ್ಲಿ ಅಲ್ಲಿನ ಸಿಬ್ಬಂದಿಯ ತಪ್ಪು ಕಡಿಮೆ. ನಮ್ಮ ಕಡೆ ಪೊಲೀಸರ ಕೆಲಸ ಏನೇನು ಅಂತ ಪೇಟೆಯವರಿಗೆ ಗೊತ್ತಿರುವುದಿಲ್ಲ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಗರಗಸದವರನ್ನು ಕರೆಸುವುದು ಅವರೇ. ಹಿನ್ನೀರಿಗೆ ಸೆಲ್ಫಿಗೆ ಇಳಿದ ಪ್ರವಾಸಿ ಮುಳುಗಿದರೆ ದೋಣಿ ಹುಡುಕಿ, ಊರಿನ ಈಜುಗಾರರನ್ನು ಸೇರಿಸಿ, ಹೆಣ ಸಿಗುವ ತನಕ ದಡದಲ್ಲಿ ನೆನೆಯುತ್ತಾ ನಿಲ್ಲುವುದೂ ಅವರೇ. ಸಮನ್ಸ್ ಜಾರಿ, ಪಾಸ್‌ಪೋರ್ಟ್ ವಿಚಾರಣೆ, ಬೇಲಿ ಜಗಳ, ಕುಡಿದು ಬಂದ ಗಂಡ, ಚುನಾವಣೆ ಬಂದಾಗ ಬೆಳೆ ಕಾಯುವ ಕೋವಿಗಳನ್ನು ಠಾಣೆಗೆ ಜಮಾ ಮಾಡಿಸಿಕೊಳ್ಳುವುದು, ಎಲ್ಲವೂ ಅದೇ ನಾಲ್ಕು ಜನರ ತಲೆ ಮೇಲೆ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನು ಬಂದ ಮೇಲೆ ಶೋಧ, ಜಪ್ತಿ ಎಲ್ಲ ವಿಡಿಯೊ ಮಾಡಬೇಕು. ಅದು ಒಳ್ಳೆಯದೇ. ಆದರೆ ಅದಕ್ಕೆ ತಕ್ಕ ಹಾಗೆ ಜನ ಜಾಸ್ತಿ ಆಗಿಲ್ಲ. ಕಂಪ್ಯೂಟರಿನಲ್ಲಿ ದೂರು ಕೊಟ್ಟು ಮೂರು ದಿನದೊಳಗೆ ಬಂದು ಸಹಿ ಹಾಕಿ ಅನ್ನುವ ಸೌಲಭ್ಯವೂ ಇದೆ, ನೆಟ್‌ವರ್ಕೇ ಇಲ್ಲದ ಊರಿನಲ್ಲಿ ಅದನ್ನು ಬಳಸುವುದು ಹೇಗೆ?

ಬೀಟ್ ಪೊಲೀಸ್ ಸರಿಯಾಗಿ ಓಡಾಡಿದರೆ ಏನಾಗುತ್ತದೆ ಅಂತ ನಾವು ನೋಡಿದ್ದೇವೆ. ಹಿಂದೆ ಒಬ್ಬರಿದ್ದರು, ಬೈಕಿನಲ್ಲಿ ಬರುತ್ತಿದ್ದರು. ಯಾರ ತೋಟ ಚೇಣಿಗೆ (ಫಸಲಿನ ಗುತ್ತಿಗೆಗೆ) ಹೋಗಿದೆ, ಕೊಯ್ಲಿಗೆ ಯಾವ ಊರಿನವರು ಬಂದು ಉಳಿದಿದ್ದಾರೆ, ಯಾವ ಒಂಟಿಮನೆಯಲ್ಲಿ ವಯಸ್ಸಾದವರಷ್ಟೇ ಇದ್ದಾರೆ, ಎಲ್ಲ ಅವರ ಪುಸ್ತಕದಲ್ಲಿ ಇರುತ್ತಿತ್ತು. ಜಗಲಿಯಲ್ಲಿ ಕೂತು ಒಂದು ಲೋಟ ಮಜ್ಜಿಗೆ ಕುಡಿದು, "ಅಮ್ಮ, ರಾತ್ರಿ ಹೊರಗಿನ ಲೈಟ್ ಆರಿಸಬೇಡಿ" ಅಂತ ಹೇಳಿ ಹೋಗುತ್ತಿದ್ದರು. ಸುಮ್ನೆ ಬಂದು ಹೋದ ಹಾಗೆ ಕಾಣುತ್ತಿತ್ತು, ಆದರೆ ಪೊಲೀಸ್ ಈ ದಾರಿಯಲ್ಲಿ ಬರುತ್ತಾರೆ ಅನ್ನುವ ಸುದ್ದಿ ತಲುಪಬೇಕಾದವರಿಗೆಲ್ಲ ತಲುಪುತ್ತಿತ್ತು. ಅವರಿಗೆ ವರ್ಗವಾಯಿತು, ಅಲ್ಲಿಗೆ ಎಲ್ಲ ನಿಂತಿತು.

ಸೇತುವೆ ಉದ್ಘಾಟನೆಯಾದ ತಿಂಗಳಿನಲ್ಲೇ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಅಂತ ಕಾರ್ಯಕ್ರಮ ಶುರು ಮಾಡಿತು. ಓದಿ ಬಹಳ ಸಂತೋಷಪಟ್ಟೆ. ಆದರೆ ಮನೆಗೆ ಬರಬೇಕಾದವರನ್ನೇ ಗಣಪತಿ ಮೆರವಣಿಗೆಗೆ ಶಿವಮೊಗ್ಗಕ್ಕೆ, ಮಂತ್ರಿಗಳು ಬಂದರೆ ಹೆಲಿಪ್ಯಾಡಿಗೆ, ಸಾಗರದ ಮಾರಿಕಾಂಬಾ ಜಾತ್ರೆಗೆ ಎಳೆದುಕೊಂಡು ಹೋದರೆ ಇಲ್ಲಿ ಉಳಿಯುವವರು ಯಾರು? ಸಂಕ್ರಾಂತಿಗೆ ಸಿಗಂದೂರು ಜಾತ್ರೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಅಂಗಳದ ತುಂಬ ಅಡಿಕೆ.

ಅಮೆರಿಕದ ಹಳ್ಳಿಗಾಡಿನ ಕೌಂಟಿಗಳಲ್ಲಿ ಶೆರಿಫ್ ಅಂತ ಇರುತ್ತಾರೆ. ಹೆಚ್ಚಿನ ಕಡೆ ಜನರೇ ನಾಲ್ಕು ವರ್ಷಕ್ಕೊಮ್ಮೆ ಓಟು ಹಾಕಿ ಆರಿಸುತ್ತಾರೆ. ಗಸ್ತು, ಕೋರ್ಟಿನ ಕಾಗದ ತಲುಪಿಸುವುದು, ಕೌಂಟಿಯ ಜೈಲು ಎಲ್ಲ ಸಾಮಾನ್ಯವಾಗಿ ಆ ಒಂದೇ ಕಚೇರಿಯ ಕೈಯಲ್ಲಿ. ನಮ್ಮಲ್ಲಿ ಪೊಲೀಸರಿಗೆ ಓಟು ಹಾಕುವ ಪದ್ಧತಿ ಬರಲಿ ಅಂತ ನಾನು ಖಂಡಿತ ಹೇಳುವುದಿಲ್ಲ, ಇರುವ ರಾಜಕೀಯವೇ ಸಾಕು. ಆದರೆ ನಮ್ಮ ಊರಿನ ಗಸ್ತಿಗೆ ಇವರೇ ಹೊಣೆ ಅಂತ ಒಬ್ಬರ ಮುಖ ನೋಡಿ ಕೇಳುವ ಅವಕಾಶ ನಮಗೂ ಬೇಕು. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಅವಧಿ ಇರಬೇಕು ಎಂದಿತ್ತು. ನಮ್ಮಂಥ ಜಾಗದಲ್ಲಿ ಕಾನ್‌ಸ್ಟೆಬಲ್‌ಗೂ ಅಷ್ಟು ಕಾಲ ಒಂದೇ ಬೀಟ್ ಇರಬೇಕು. ದಾರಿ ಕಲಿಯಲಿಕ್ಕೇ ಒಂದು ಮಳೆಗಾಲ ಬೇಕು.

ಹೊಸ ಠಾಣೆ ಕಟ್ಟಿಕೊಡಿ ಅಂತ ಕೇಳುತ್ತಿಲ್ಲ. ಕೊಯ್ಲು ಶುರುವಾಗುವ ನವೆಂಬರಿನಿಂದ ಅಡಿಕೆ ಮಂಡಿಗೆ ಹೋಗಿ ಮುಗಿಯುವ ಮಾರ್ಚ್ ತನಕ, ಸೇತುವೆಯ ತಲೆಯಲ್ಲಿ ರಾತ್ರಿ ಇಬ್ಬರು ಪೊಲೀಸರು ಕೂತು ಗಾಡಿ ನಂಬರ್ ಬರೆದುಕೊಳ್ಳಲಿ. ಆ ಐದು ತಿಂಗಳು ಈ ಬೀಟಿನವರನ್ನು ಯಾವ ಬಂದೋಬಸ್ತಿಗೂ ಕಳಿಸಬಾರದು. ಜಿಲ್ಲಾ ಎಸ್‌ಪಿಯವರು ಒಮ್ಮೆ ಈಚೆ ದಡಕ್ಕೆ ಬಂದು ಜನಸಂಪರ್ಕ ಸಭೆ ಮಾಡಲಿ, ಹಗಲಿನಲ್ಲಿ ಬೇಡ, ಸಂಜೆ ಬರಲಿ. ಪೊಲೀಸರು ಕೂರಲು ಜಾಗ, ದೀಪ, ರಾತ್ರಿಗೆ ಕಾಫಿ ಊಟ ನಾವು ಊರವರು ನೋಡಿಕೊಳ್ಳುತ್ತೇವೆ. ಕ್ಯಾಮೆರಾ ಹಾಕಿಸುವುದಾದರೆ ಮನೆಗಿಷ್ಟು ಅಂತ ದುಡ್ಡು ಸೇರಿಸಲೂ ತಯಾರಿದ್ದೇವೆ. ಈ ವರ್ಷದ ಅಡಿಕೆ ಕೊಯ್ಲಿಗೆ ಮೊದಲು ಸಂಬಂಧಪಟ್ಟವರು ಉತ್ತರ ಕೊಡಬೇಕು.

— ಶರಾವತಿ ಹಿನ್ನೀರಿನ ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು